ಮಾರಿಕಣಿವೆಯಲ್ಲಿ ಹಾರದ ಗುಂಡು

ಇದು ನಡೆದದ್ದು. ನಮ್ಮ ದಳದ ಚರಿತ್ರೆಯಲ್ಲಿ ಆ ರಾತ್ರಿಯ ಬಗ್ಗೆ ಒಂದೇ ಸಾಲಿದೆ: 'ಗುಂಡು ಹಾರಿಸಲಿಲ್ಲ.' ಬರೆದುಕೊಟ್ಟವನು ನಾನೇ. ಆಗ ಬಿಟ್ಟದ್ದನ್ನು ಈಗ ಹೇಳುತ್ತೇನೆ.

ಮಹಾರಾಜರ ಆಳ್ವಿಕೆ, ಎರಡನೆಯ ಮಹಾಯುದ್ಧದ ಕಾಲ. ಶತ್ರು ವಿಮಾನಗಳನ್ನು ಹೊಡೆಯಲು ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆಯ ಪಕ್ಕದ ಗುಡ್ಡದ ಮೇಲೆ ನಮ್ಮ ತೋಪು ನಿಂತಿತ್ತು. ನಾನು ಹವಾಲ್ದಾರ.

ಕತ್ತಲಲ್ಲಿ ವಿಮಾನ ಕಾಣುವುದಿಲ್ಲ. ಸದ್ದು ಹಿಡಿಯಲು ದೊಡ್ಡ ಕಹಳೆಗಳಿದ್ದ ಒಂದು ಯಂತ್ರವಿತ್ತು. ನಮ್ಮ ದಳ ಸೇರಿದ್ದ ತಾಳ್ಯದ ಕುರಿಗಾರ ಕರಿಯಣ್ಣ ಅದಕ್ಕೆ ಕಿವಿಗೊಟ್ಟು ಕೂರುತ್ತಿದ್ದ. ಅವನು ಯಂತ್ರ ತಿರುಗಿಸಿದಂತೆ ತೋಪಿನ ಬಳಿ ಸದ್ದಿನ ದಿಕ್ಕು, ಎತ್ತರ ತೋರಿಸುವ ಒಂದು ಮುಳ್ಳು ತಿರುಗುತ್ತಿತ್ತು. ತೋಪಿನವರು ತಲೆ ಎತ್ತದೆ, ಆ ಮುಳ್ಳನ್ನೇ ನೋಡುತ್ತ ನಳಿಗೆ ತಿರುಗಿಸಬೇಕು. ಗದರಿಸಿ ಗದರಿಸಿ ಕಲಿಸಿದ್ದೆ.

ಅಮಾವಾಸ್ಯೆ. ಒಂದು ಗಂಟೆ ಇರಬಹುದು.

"ಬರ್ತಾ ಐತ್ರಿ. ಒಂದೇ ವಿಮಾನ," ಅಂದ ಕರಿಯಣ್ಣ.

"ಲೇ, ನಿನ್ನ ಟಗರಿನ ಗೊರಕೆ ಇರ್ಬೇಕು ನೋಡೋ," ಎಂದು ತೋಪಿನವನೊಬ್ಬ ನಕ್ಕ.

ಆಮೇಲೆ ನಮಗೂ ಕೇಳಿಸಿತು... ಗುರ್ ಗುರ್ ಗುರ್...

ಫೋನಿನಲ್ಲಿ ಸಾಹೇಬರನ್ನು ಕೇಳಿದೆ. ನಮ್ಮ ವಿಮಾನ ಯಾವುದೂ ಹಾರಿಲ್ಲ, ಹೊಡೆಯಿರಿ ಎಂದರು. ಗುಂಡು ತುಂಬಿದ್ದಾಯಿತು. ಸದ್ದು ಎದೆಯೊಳಗೆ ನಡುಗುವಷ್ಟು ಹತ್ತಿರ ಬಂತು. ಆದರೆ ಆಕಾಶದಲ್ಲಿ ಏನೂ ಅಡ್ಡ ಬರಲಿಲ್ಲ, ಒಂದು ನಕ್ಷತ್ರವೂ ಮರೆಯಾಗಲಿಲ್ಲ.

ಆಗ ನಳಿಗೆ ನೋಡಿದೆ. ಅದು ಮೇಲಕ್ಕಿರಲಿಲ್ಲ. ಇಳಿದು ಇಳಿದು, ನೀರಿನಾಚೆ ದಡದತ್ತ ತಿರುಗಿ ನಿಂತಿತ್ತು. ಅಲ್ಲಿ ಹೊಸದುರ್ಗದ ಕಡೆಯ ಕುರಿಗಾರರ ಹಟ್ಟಿ. ಹೆಂಗಸರು, ಮಕ್ಕಳು ಮಲಗಿದ್ದರು. ನಮ್ಮವರು ಮಾತ್ರ ತಲೆ ತಗ್ಗಿಸಿ ಮುಳ್ಳನ್ನೇ ನೋಡುತ್ತಿದ್ದರು!

ಗುಂಡು ಹಾರಿಸುವವನ ಕೈ ಹಿಡಿದೆ.

ಸದ್ದು ಥಟ್ಟನೆ ನಿಂತಿತು. ಕಪ್ಪೆಗಳೂ ಸುಮ್ಮನಾದವು.

"ಹೋಯ್ತೇನಪ್ಪ?" ಎಂದು ಪಿಸುಗುಟ್ಟಿದೆ.

ಕರಿಯಣ್ಣ ಯಂತ್ರದಿಂದ ಕಿವಿ ತೆಗೆಯಲಿಲ್ಲ. "ಇಲ್ರಿ. ಹೋಗೋ ಸದ್ದಾದ್ರೆ ಸಣ್ಣಗಾಗ್ತಾ ಹೋಗ್ತೈತೆ. ಇದು ಹಟ್ಟಿ ಹತ್ರ ಬಂದು ನಿಂತ್ಕಂತು."

ಬೆಳಗಾಗುತ್ತಲೇ ತೆಪ್ಪದಲ್ಲಿ ಆಚೆ ದಡಕ್ಕೆ ಹೋದೆ. ಎಲ್ಲರೂ ಕ್ಷೇಮ. ಒಲೆಯ ಮುಂದಿದ್ದ ಅಜ್ಜಿ ನನ್ನ ಖಾಕಿ ಬಟ್ಟೆ ನೋಡಿ, "ಕುಂತ್ಕಳ್ರಿ. ರಾತ್ರಿ ಬಂದ ನಿಮ್ಮೋರು ಇನ್ನೂ ಮಲಗವ್ರೆ, ಎಬ್ಬಿಸ್ಲಾ?" ಎಂದಳು.

ನಮ್ಮವರು ಯಾರೂ ಗುಡ್ಡ ಇಳಿದಿರಲಿಲ್ಲ. ಎಷ್ಟು ಜನ ಎಂದು ಕೇಳಿದೆ.

"ಒಬ್ರೇ. ಮೈಯೆಲ್ಲ ಒದ್ದೆ. ಮಾತಿಲ್ಲ ಕತೆಯಿಲ್ಲ, ಹೊದ್ಕಂಡು ಮಲಗಿಬಿಟ್ರು."

ಗುಡಿಸಲೊಳಗೆ ಬಗ್ಗಿ ನೋಡಿದೆ. ಕಂಬಳಿ ಮನುಷ್ಯನ ಆಕಾರಕ್ಕೆ ಉಬ್ಬಿತ್ತು. ಎತ್ತಿದೆ... ಯಾರೂ ಇರಲಿಲ್ಲ. ನೆಲ ಬೆಚ್ಚಗಿತ್ತು.

ಗುಂಡು ಹಾರಿಸಿದ್ದರೆ ಯಾರು ಸಾಯುತ್ತಿದ್ದರು ಎಂಬುದು ನನಗೆ ಗೊತ್ತು. ಹಾರಿಸದೆ ಆ ಮಕ್ಕಳ ನಡುವೆ ಯಾರನ್ನು ಇಳಿಯಗೊಟ್ಟೆ ಎಂಬುದು ಇವತ್ತಿಗೂ ಗೊತ್ತಾಗಿಲ್ಲ.