ಬಲಕ್ಕೆ ಕುಂಕುಮ, ಎಡಕ್ಕೆ ಅರಿಶಿನ

ಹಳೆಯ ಟ್ರ್ಯಾಕ್ಟರಿನ ಹಿಂದಿನ ಆಕ್ಸಲ್ ಮುರಿದರೆ ಮೊದಲು ಮುರಿದ ಮುಖವನ್ನು ನೋಡಬೇಕು. ಮದರಾಸಿನ ಪಲ್ಲಾವರಂನಲ್ಲಿರುವ ನನ್ನ ಶೆಡ್ಡಿಗೆ ಆ ಬೂದು ಬಣ್ಣದ ಟ್ರ್ಯಾಕ್ಟರನ್ನು ಲಾರಿಯ ಮೇಲೆ ಹೇರಿಕೊಂಡು ತಂದ ದಿನ ನಾನು ಮಾಡಿದ್ದೂ ಅದನ್ನೇ. ಬಲಗಡೆಯ ಚಕ್ರ ಬಿಚ್ಚಿ, ತುಂಡಾಗಿದ್ದ ಆಕ್ಸಲ್ಲನ್ನು ಹೊರಗೆಳೆದು ಬಿಸಿಲಿಗೆ ಹಿಡಿದೆ. ನನ್ನ ಮಣಿಕಟ್ಟಿನಷ್ಟು ದಪ್ಪದ ಉಕ್ಕು. ಮುರಿದ ಕಡೆ ಮುಕ್ಕಾಲು ಭಾಗ ಎಣ್ಣೆ ಕುಡಿದು ಕಪ್ಪಾಗಿತ್ತು. ಉಳಿದ ಕಾಲು ಭಾಗ ಮಾತ್ರ ಕಲ್ಲುಸಕ್ಕರೆಯ ಹಾಗೆ ಮಿನುಗುತ್ತಿತ್ತು. ಅಂದರೆ ಬಿರುಕು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆ ಕಾಲು ಭಾಗದ ಬಲದಲ್ಲೇ ಅದು ಉತ್ತಿತ್ತು, ಹೊರೆ ಎಳೆದಿತ್ತು, ಯಾರಿಗೂ ತಿಳಿದಿರಲಿಲ್ಲ.

ಟ್ರ್ಯಾಕ್ಟರಿನ ಯಜಮಾನರು ನುಂಗಂಬಾಕ್ಕಂನ ಹಿರಿಯರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡದವರು. ಆಫೀಸಿನ ಕೆಲಸದಿಂದ ನಿವೃತ್ತರಾದ ಮೇಲೆ, ಚೆಂಗಲ್ಪಟ್ಟಿನ ಆಚೆ ಇರುವ ತಂದೆಯ ಕಾಲದ ತೋಟಕ್ಕೆ ವಾರಕ್ಕೆರಡು ಸಲ ಹೋಗಿ ತಾವೇ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಗಾಳಿಮಳೆಗೆ ಬಿದ್ದ ತೆಂಗಿನ ಮರವನ್ನು ಎಳೆಯುವಾಗ ಆಕ್ಸಲ್ ಹೋಗಿತ್ತು.

"ಏನಪ್ಪಾ ಮೇಸ್ತ್ರಿ, ವೆಲ್ಡಿಂಗ್ ಮಾಡಿದ್ರೆ ನಿಲ್ಲಲ್ವಾ?"

"ನಿಲ್ಲುತ್ತೆ ಸ್ವಾಮಿ. ನೀವು ಅದರ ಮೇಲೆ ಕೂರಬಾರದು, ಅಷ್ಟೇ."

ಅವರು ನಕ್ಕರು. ಆಕ್ಸಲ್ಲಿಗೆ ಬೆಸುಗೆ ಹಾಕುವವನು ನಾನಲ್ಲ. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹಳೆಯ ಸಾಮಾನಿನ ರಾಶಿಗಳನ್ನೆಲ್ಲ ಜಾಲಾಡಿದೆ, ಸಿಗಲಿಲ್ಲ. ಹಳೆಯ ಗಾಡಿಗಳನ್ನು ಬಿಚ್ಚಿ ಮಾರುವವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ, ಕಡೆಗೆ ಅದೇ ಮಾಡೆಲ್ಲಿನ, ಬಿರುಕಿಲ್ಲದ ಆಕ್ಸಲ್ ಒಂದನ್ನು ಹುಡುಕಿ ತಂದೆ.

ಇಲ್ಲಿ ನನ್ನ ಕೆಲಸದ ಒಂದು ಪದ್ಧತಿಯನ್ನು ಹೇಳಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕೊಳ್ಳೇಗಾಲದ ಕಡೆಯಿಂದ ಈ ಊರಿಗೆ ಬಂದವನು ನಾನು. ನನಗೆ ತಮಿಳು ಅಕ್ಷರ ಬರುತ್ತಿರಲಿಲ್ಲ, ಕೆಲಸ ಕಲಿಸಿದ ಗುರುವಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಬಿಚ್ಚಿದ ಭಾಗಗಳಲ್ಲಿ ಎಡದ್ದು ಯಾವುದು, ಬಲದ್ದು ಯಾವುದು ಎಂದು ಗುರುತಿಡಲು ಆತ ಕಂಡುಕೊಂಡಿದ್ದ ಉಪಾಯ ಒಂದೇ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ ಮೇಲೆ ಬಲಗಡೆಯದಕ್ಕೆ ಕುಂಕುಮದ ಬೊಟ್ಟು, ಎಡಗಡೆಯದಕ್ಕೆ ಅರಿಶಿನದ ಬೊಟ್ಟು. ಆಮೇಲೆ ನಾನು ತಮಿಳು ಓದಲು ಕಲಿತೆ. ಬೊಟ್ಟನ್ನು ಮಾತ್ರ ಬಿಡಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಎಡದ್ದು ಬಲಕ್ಕೆ ಹೋದದ್ದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಚಾಳಿಯೂ ನನಗಿತ್ತು.

ಮಗನ ಮದುವೆಯಾಗಿ ಆಗ ಎಂಟು ತಿಂಗಳು. ಸೊಸೆ ತಮಿಳರ ಮನೆಯ ಹುಡುಗಿ. ಮನೆ ಶೆಡ್ಡಿನ ಹಿಂದೆಯೇ. ದಿನಾ ಹನ್ನೊಂದು ಗಂಟೆಗೆ ನನಗೆ ಕಾಫಿ ತಂದು, ಮಲಗಿಸಿಟ್ಟ ಟೈರಿನ ಮೇಲೆ ಕುಳಿತು ಕನ್ನಡ ಕಲಿಯುತ್ತಿದ್ದಳು.

"ಮಾಮಾ, ಇದುಕ್ಕೆ ಕನ್ನಡದಲ್ಲಿ ಎನ್ನ?"

"ಬೇರಿಂಗು."

"ಇದುಕ್ಕೆ?"

"ಗೇರು."

"ಅಯ್ಯೋ, ಹಾಗಾದ್ರೆ ನಂಗೆ ಆಗಲೇ ಕನ್ನಡ ಬರುತ್ತೆ!"

ಶೆಡ್ಡಿನಲ್ಲಿ ಅಷ್ಟು ನಗು ಮೊದಲು ಇರಲಿಲ್ಲ. ಮಗ ನನ್ನ ಕೆಲಸದ ಬಗ್ಗೆ ಒಂದು ದಿನವೂ ಕೇಳಿದವನಲ್ಲ. ಹನ್ನೊಂದಾಗುವುದನ್ನು ನಾನು ಕಾಯುತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಆಯುಧಪೂಜೆ ಬಂತು. ಟ್ರ್ಯಾಕ್ಟರಿನ ಎರಡೂ ಕಡೆ ಬಿಚ್ಚಿ, ತೊಳೆದು, ಗುರುತಿಟ್ಟು, ಹಳೆಯ ಸೀರೆಯ ಮೇಲೆ ಹರಡಿದ್ದೆ. ಅದರಲ್ಲಿ ಮುಖ್ಯವಾದವು ಶಿಮ್ಮುಗಳು: ತಗಡಿನ ತೆಳು ಬಳೆಗಳು. ಈ ಟ್ರ್ಯಾಕ್ಟರಿನ ಎಡ ಬಲದ ಆಕ್ಸಲ್ಲುಗಳು ನಡುವಿನಲ್ಲಿ ಮೂತಿಗೆ ಮೂತಿ ತಾಗಿಸಿಕೊಂಡು ನಿಲ್ಲುತ್ತವೆ. ಅವೆರಡಕ್ಕೂ ಕೂದಲೆಳೆಯಷ್ಟು ಸಡಿಲ ಬೇಕು. ಬಿಗಿಯಾದರೆ ಬೇರಿಂಗ್ ಸುಡುತ್ತದೆ, ಸಡಿಲವಾದರೆ ಪ್ರತಿ ತಿರುವಿನಲ್ಲೂ ಬಡಿದುಕೊಳ್ಳುತ್ತದೆ. ಆ ಸಡಿಲವನ್ನು ಕೊಡುವುದು ಈ ಬಳೆಗಳು.

ಬೆಳಿಗ್ಗೆ ಬೂದುಗುಂಬಳ, ಹೂವು, ಮಂಡಕ್ಕಿ ತರಲು ಹೋದೆ. ಹಿಂತಿರುಗಿದಾಗ ಶೆಡ್ಡು ಗುರುತು ಸಿಗದ ಹಾಗೆ ಹೊಳೆಯುತ್ತಿತ್ತು. ಸೊಸೆ ಒಬ್ಬಳೇ ಗುಡಿಸಿ, ರಂಗೋಲಿ ಹಾಕಿ, ನನ್ನ ಸ್ಪ್ಯಾನರುಗಳಿಗೆಲ್ಲ ಗಂಧ ಕುಂಕುಮ ಹಚ್ಚಿದ್ದಳು. ಸೀರೆಯ ಮೇಲಿನ ಭಾಗಗಳನ್ನೂ ಬಿಟ್ಟಿರಲಿಲ್ಲ. ಅರ್ಧ ಅಳಿಸಿದ ನನ್ನ ಬೊಟ್ಟುಗಳು ಅವಳಿಗೆ ಕೊಳೆಯ ಹಾಗೆ ಕಂಡಿರಬೇಕು. ಎಲ್ಲವನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಂದೊಂದಕ್ಕೂ ಗಂಧವಿಟ್ಟು, ಗಂಧದ ನಡುವೆ ಕುಂಕುಮವಿಟ್ಟು, ಎರಡೂ ಕಡೆಯ ಶಿಮ್ಮುಗಳನ್ನು ಬಳೆ ಜೋಡಿಸಿದ ಹಾಗೆ ಒಂದೇ ತಟ್ಟೆಯಲ್ಲಿ ಜೋಡಿಸಿದ್ದಳು.

"ಚೆನ್ನಾಗಿದೆಯಾ ಮಾಮಾ?"

ನಾನು ಏನೆಂದು ಕೂಗಿದೆನೋ ಪೂರ್ತಿ ನೆನಪಿಲ್ಲ. "ಕೆಲಸ ಗೊತ್ತಿಲ್ದೋರು ಸಾಮಾನು ಮುಟ್ಟಬಾರದು" ಎಂದದ್ದು ನೆನಪಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡು, ಅವಳು ನೋಡುತ್ತಿದ್ದಂತೆ, ಒಂದೊಂದು ಭಾಗದ ಕುಂಕುಮವನ್ನೂ ಒರೆಸಿ ಹಾಕಿದೆ.

ಹೆಂಡತಿ ಆರತಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಯ್ಯೋ, ಏನ್ ಮನ್ಸ ನೀವು! ಮದ್ವೆಯಾಗಿ ವರ್ಸ ತುಂಬಿಲ್ಲ, ಹಬ್ಬದ್ ದಿನ ಆ ಮಗೀನ್ ಮುಂದೆ ಕುಂಕುಮ ಒರೆಸ್ತೀರಲ್ಲಾ!"

ಆಗ ಕೈ ನಿಂತಿತು. ಬಟ್ಟೆ ಪೂರಾ ಕೆಂಪಾಗಿತ್ತು. ಸೊಸೆ ಕುಂಕುಮದ ಭರಣಿ ಎತ್ತಿಕೊಂಡು ಒಳಗೆ ಹೋದಳು. ಅಳುವುದು ಕೇಳಿಸಿದ್ದರೂ ವಾಸಿಯಿತ್ತು, ಏನೂ ಕೇಳಿಸಲಿಲ್ಲ.

ಮಾರನೆಯ ದಿನ ಹನ್ನೊಂದಕ್ಕೆ ಕಾಫಿ ಬಂತು. ಆದರೆ ಲೋಟ ಹೊಸ್ತಿಲ ಮೇಲೆ ಕುಳಿತಿತ್ತು, ತಂದವಳು ಇರಲಿಲ್ಲ. ಅದರ ಮಾರನೆಯ ದಿನವೂ ಹಾಗೆಯೇ. ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ತಪ್ಪಾಯಿತು ಎಂಬ ಮಾತನ್ನು ನಾನು ಗಿರಾಕಿಗಳಿಗೂ ಹೇಳಿದವನಲ್ಲ. ಹೇಳುವಂಥ ಕೆಲಸ ಮಾಡಬಾರದು ಎಂದೇ ಬದುಕಿದವನು. ಹೆಂಡತಿ ಅನ್ನ ಬಡಿಸುವಾಗ ಸೌಟನ್ನು ತಟ್ಟೆಗೆ ಕುಟ್ಟುತ್ತಿದ್ದಳು, ಅಷ್ಟೇ ಅವಳ ಮಾತು.

ಯಜಮಾನರು ಬಂದು ಸ್ಟೂಲಿನ ಮೇಲೆ ಕುಳಿತರು. "ಏನಪ್ಪಾ, ಕಾಫಿ ಹೊಸ್ತಿಲಲ್ಲಿ ನಿಂತಿದೆ? ಆ ಹುಡುಗಿ ಎಲ್ಲಿ?"

"ಒಳಗೆ ಕೆಲಸ ಇರಬೇಕು."

"ಕೆಲಸವೋ, ಕೋಪವೋ? ನಾನು ಐವತ್ತು ವರ್ಷ ಸಂಸಾರ ಮಾಡಿದವನಪ್ಪಾ. ಬಾಗಿಲಾಚೆ ಇಟ್ಟ ಲೋಟ ಅಂದ್ರೆ ಏನೂಂತ ಗೊತ್ತು." ಸೊಂಟ ಹಿಡಿದು ಎದ್ದರು. "ಗಾಡಿ ಮುಗಿದ್ಮೇಲೆ ನನ್ನ ಸೊಂಟಕ್ಕೂ ಒಂದು ಶಿಮ್ಮು ಹಾಕು. ಅದಕ್ಕೆ ಮುಂಚೆ ಆ ಲೋಟ ಒಳಗೆ ತರಿಸು."

ಅವರು ಹೋದ ಮೇಲೆ ಆರಿದ ಕಾಫಿ ಕುಡಿಯುತ್ತಾ ಬೆರೆತುಹೋಗಿದ್ದ ಶಿಮ್ಮುಗಳ ತಟ್ಟೆಯನ್ನು ನೋಡುತ್ತಿದ್ದೆ. ಆಗ ಒಂದು ಮಾತು ನೇರವಾಗಿ ಎದೆಗೆ ಬಂದು ತಾಗಿತು. ಬಲಗಡೆಯ ಆಕ್ಸಲ್ಲೇ ಬದಲಾಗಿದೆ. ಬೇರೆ ಆಕ್ಸಲ್ ಕೂತ ಮೇಲೆ ಹಳೆಯ ಲೆಕ್ಕ ನಡೆಯುವುದಿಲ್ಲ. ಎರಡೂ ಕಡೆಯ ಶಿಮ್ಮುಗಳನ್ನು ಹೇಗೂ ಹೊಸದಾಗಿ ಅಳೆದೇ ಹಾಕಬೇಕಿತ್ತು. ಅವಳು ಬೆರೆಸಿದ್ದರಿಂದ ಏನೂ ಕೆಟ್ಟಿರಲಿಲ್ಲ. ಉಳಿದ ಭಾಗಗಳನ್ನು ನಾನು ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಎಡ ಬಲ ಹೇಳಬಲ್ಲೆ. ಸತ್ಯ ಹೇಳಬೇಕೆಂದರೆ, ಕೂಗಿದ ದಿನವೂ ಇದು ನನಗೆ ಗೊತ್ತಿತ್ತು. ನನ್ನ ಬೊಟ್ಟನ್ನು ಇನ್ನೊಬ್ಬರು ಅಳಿಸಿದರು ಎನ್ನುವುದೊಂದೇ ನನಗೆ ತಡೆಯಲಾಗಿರಲಿಲ್ಲ.

ಎರಡೂ ಆಕ್ಸಲ್ಲುಗಳನ್ನು ಕೂರಿಸಿದೆ. ಸಡಿಲ ಅಳೆಯಲು ಇಬ್ಬರು ಬೇಕು. ಒಬ್ಬರು ಈ ಕಡೆಯಿಂದ ಆಕ್ಸಲ್ಲನ್ನು ಒತ್ತಬೇಕು, ಇನ್ನೊಬ್ಬರು ಆ ಕಡೆ ಡಯಲ್ ಗೇಜಿನ ಮುಳ್ಳನ್ನು ನೋಡಿ ಹೇಳಬೇಕು. ಯಾವಾಗಲೂ ನೋಡುತ್ತಿದ್ದವಳು ಹೆಂಡತಿ. ಕರೆದೆ.

"ನಂಗೆ ಕಣ್ ಕಾಣಾಕಿಲ್ಲ" ಎಂದಳು ಅಡುಗೆಮನೆಯಿಂದ. ಹಿಂದಿನ ದಿನವಷ್ಟೇ ಅಕ್ಕಿಯಲ್ಲಿನ ಹುಳ ಆರಿಸುತ್ತಿದ್ದ ಕಣ್ಣು ಅದು.

ಹೊಸ್ತಿಲ ತನಕ ಹೋಗಿ ನಿಂತೆ. "ಅಮ್ಮಾ, ಬಾ. ಮುಳ್ಳು ನೋಡಿ ಹೇಳಬೇಕು."

ಸೊಸೆ ಬಂದಳು. ಏನನ್ನೂ ಮುಟ್ಟಲಿಲ್ಲ, ಸೆರಗಿನಲ್ಲಿ ಕೈ ಸುತ್ತಿಕೊಂಡು ಬಲಗಡೆ ಕುಳಿತಳು. ನಾನು ಎಡಗಡೆಗೆ ಹೋಗಿ ಒತ್ತಿದೆ. ನಮ್ಮಿಬ್ಬರ ನಡುವೆ ಇಡೀ ಟ್ರ್ಯಾಕ್ಟರ್.

"ಎಷ್ಟು?"

"ಓಡ್ತಾ ಇದೆ ಮಾಮಾ."

"ಓಡಲಿ. ನಿಂತ ಮೇಲೆ ಹೇಳು."

"ಹದಿನಾಲ್ಕು."

"ಜಾಸ್ತಿಯಾಯ್ತು. ನಿನ್ನ ಕಡೆ ಒಂದು ಬಳೆ ತೆಗೀಬೇಕು." ನಾನು ಎದ್ದು ಆ ಕಡೆಗೆ ಹೋಗಿ ಬೋಲ್ಟು ಬಿಚ್ಚಿದೆ. "ಒಳಗಿರೋದ್ರಲ್ಲಿ ತೆಳ್ಳಗಿರೋದನ್ನ ನೀನೇ ಎತ್ತಿ ಕೊಡು."

ಒಂದು ಕ್ಷಣ ತಡೆದಳು. ಆಮೇಲೆ ಸೆರಗಿನಿಂದ ಕೈ ಹೊರಗೆ ಬಂತು. ಸರಿಯಾದದ್ದನ್ನೇ ಎತ್ತಿದಳು. ಬೋಲ್ಟು ಬಿಗಿದು ನಾನು ಮತ್ತೆ ಎಡಗಡೆಗೆ ಬಂದು ಕುಳಿತೆ. ಅವಳ ಮುಖ ಕಾಣದ ಜಾಗ ಅದು. ಆದರೆ ಅಲ್ಲಿಂದ ಮಾತು ಆಚೆಗೆ ಮುಟ್ಟಬೇಕಾದರೆ ಗಟ್ಟಿಯಾಗಿಯೇ ಹೇಳಬೇಕು.

"ಅವತ್ತು ನೀನು ಬೆರೆಸಿದ್ದರಿಂದ ಏನೂ ಕೆಟ್ಟಿರಲಿಲ್ಲ ಕಣಮ್ಮಾ. ಹೇಗೂ ಹೊಸದಾಗಿ ಅಳೀಬೇಕಿತ್ತು. ನಂಗೆ ಗೊತ್ತಿತ್ತು."

"ತೆರಿಂಜೂ ಬೈದಿರಾ ಮಾಮಾ? ಗೊತ್ತಿದ್ದೂ?"

"ಹೂಂ. ತಪ್ಪಾಯ್ತು."

"ಅತ್ತೆಗೆ ಗೊತ್ತಾ ಇದು?"

"ಅವಳಿಗೆ ಹೇಳಬೇಡ."

"ನಂಗೆ ಕೇಳಿಸ್ತು!" ಎಂದಿತು ಅಡುಗೆಮನೆ.

ಟ್ರ್ಯಾಕ್ಟರಿನ ಆ ಕಡೆಯಿಂದ, ತಡೆದಿಟ್ಟು ತಡೆದಿಟ್ಟು, ನಗು ಬಂತು. ನಾನು ಇನ್ನೊಮ್ಮೆ ಒತ್ತಿದೆ.

"ಆರು, ಮಾಮಾ. ಆರಕ್ಕೆ ನಿಂತಿತು."

"ಸರಿಯಾಗಿದೆ. ಇನ್ನು ಮುಟ್ಟಬಾರದು."

ಚಕ್ರ ಹಾಕಿ, ಎಣ್ಣೆ ತುಂಬಿಸಿ, ಒಳಗೆ ಹೋಗಿ ನಾನೇ ಕುಂಕುಮದ ಭರಣಿ ತಂದು ಅವಳ ಮುಂದೆ ಹಿಡಿದೆ. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತಳು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು.

"ಬಲಕ್ಕಾ, ಎಡಕ್ಕಾ ಮಾಮಾ?" ಪದ್ಧತಿಯನ್ನು ಅತ್ತೆಯಿಂದ ತಿಳಿದುಕೊಂಡಿದ್ದಳು.

"ಎರಡಕ್ಕೂ ಇಡಮ್ಮ."

ಒಂದೊಂದು ಚಕ್ರದ ನಟ್ಟನಡುವೆ ಇಟ್ಟಳು. ಬೆರಳಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಒರೆಸಿಕೊಳ್ಳಲು ಬಟ್ಟೆ ಹುಡುಕಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಮುರಿದ ಆಕ್ಸಲ್ಲಿನ ಹತ್ತಿರ ಹೋಗಿ, ಆ ಮಿನುಗುವ ಕಾಲು ಭಾಗದ ಮೇಲೆ ಒಂದು ಬೊಟ್ಟಿಟ್ಟಳು.

ಟ್ರ್ಯಾಕ್ಟರ್ ಒಯ್ಯಲು ಬಂದ ಯಜಮಾನರಿಗೆ ಅಂದು ಕಾಫಿ ಅವಳ ಕೈಯಿಂದಲೇ ಸಿಕ್ಕಿತು. ಆ ಮುರಿದ ತುಂಡನ್ನು ಗುಜರಿಗೆ ಹಾಕಲ್ಲವೇ ಎಂದು ಕೇಳಿದರು. ಇಲ್ಲ ಸ್ವಾಮಿ, ಅದು ಇಲ್ಲೇ ಇರಲಿ ಎಂದೆ.