ಅವ್ವನ ಕಲ್ಲು

ವಿಜಯನಗರದ ಮಾರ್ಕೆಟ್ಟಿನಲ್ಲಿ ಉಪ್ಪಿನಕಾಯಿಗೆ ಹಾಕುವ ಮಾಕಳಿ ಬೇರಿನ ವಾಸನೆ ಬಂದರೆ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ನಿಂತುಬಿಡುತ್ತೇನೆ. ನೀವೂ ಮುಚ್ಚಿಕೊಳ್ಳಿ, ಬೇಜಾರಿಲ್ಲ. ತಿಗಣೆಯಂತೆ ನಾರುವುದು ನಿಜ. ನಮ್ಮವ್ವನ ಸೆರಗೂ ಹಾಗೇ ನಾರುತ್ತಿತ್ತು. ಮಾಗಡಿ ಕಡೆಯ ಗುಡ್ಡದಲ್ಲಿ ಆ ಬೇರು ಅಗೆದು ಮಾರಿಯೇ ನಮ್ಮನ್ನು ಸಾಕಿದಳು.

ನಾವು ಇರುಳಿಗರು, ಕಾಡಿನ ಜನ. ನಮ್ಮ ಮನೆತನದಲ್ಲಿ ಯಾರಾದರೂ ಸತ್ತರೆ ಹಳ್ಳದಿಂದ ಒಂದು ನುಣುಪು ಕಲ್ಲು ಆರಿಸಿ ತಂದು, ಕಾಡಿನೊಳಗೆ ಹಿರಿಯರ ಕಲ್ಲುಗಳ ಜೊತೆ ಇಡುತ್ತೇವೆ. ಇಡುವ ತನಕ ಸತ್ತವರಿಗೆ ಮನೆಯಿಲ್ಲ. ಅವ್ವ ಸತ್ತದ್ದು ಸಿಟಿಯ ಅಂಚಿನ ಮಲ್ಲತ್ತಹಳ್ಳಿಯಲ್ಲಿ, ನನ್ನ ಶೀಟಿನ ಮನೆಯಲ್ಲಿ. ಕಲ್ಲು ಹಿಡಿದು ಹೋದರೆ ಮಾಗಡಿ ಕಾಡಿನ ಗೇಟಿನಲ್ಲಿ ಗಾರ್ಡ್ ಅಡ್ಡ ನಿಂತ. "ಪರ್ಮಿಷನ್ ಇಲ್ದೆ ಬಿಡಲ್ಲ, ನಡೀರಿ." ಹೋದಾಗಲೆಲ್ಲ ಅದೇ ಮಾತು. ಅವ್ವ ನನ್ನ ಮಂಚದ ಕೆಳಗೆ, ಈರುಳ್ಳಿ ಬುಟ್ಟಿಯ ಪಕ್ಕ ಉಳಿದಳು.

ಹೋದ ವರ್ಷ ಬುಡಕಟ್ಟು ಜನರ ಗೌರವ ದಿನಕ್ಕೆ ನನ್ನನ್ನು ಕರೆದರು. ಕಾಡಿಗಾಗಿ ಬಿಳಿಯರ ಮೇಲೆ ಬಿಲ್ಲೆತ್ತಿದವರನ್ನು ದೇಶವೆಲ್ಲ ನೆನೆಯುವ ದಿನವಂತೆ. ಗೌರವ ಅಂದಮೇಲೆ ಕೇಳಿದ್ದು ಕೊಡುತ್ತಾರೆ ಎಂದುಕೊಂಡೆ. ನಾನೆಂಥ ಹೆಡ್ಡಿ ನೋಡಿ. ಕಲ್ಲನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋದೆ. ತಲೆಗೆ ಪುಕ್ಕದ ಕಿರೀಟ ಸಿಕ್ಕಿಸಿದರು. ನಮ್ಮವರು ಪುಕ್ಕ ಕಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಕಾರ್ಯಕ್ರಮ ನಡೆಸುವ ಹುಡುಗಿ ಗಂಟು ಬಿಚ್ಚಿದಳು. "ಸೂಪರ್ ಆಂಟಿ! ಮಸಾಲೆ ಅರೆಯೋದಾ?" ಎಂದು ಪ್ರದರ್ಶನದ ಮೇಜಿನ ಮೇಲೆ, ಬಿಲ್ಲುಬಾಣದ ಪಕ್ಕ ಇಟ್ಟಳು.

"ಅದು ನಮ್ಮವ್ವ ಕಣಮ್ಮ" ಅಂದೆ.

ನಕ್ಕಳು.

ಕಾಡಿನ ಸಾಹೇಬರು ಶಾಲು ಹೊದಿಸುವಾಗ ಕೇಳಿದೆ: "ಸ್ವಾಮಿ, ಅವ್ವನ ಕಲ್ಲು ಇಡಕ್ಕೆ ಒಂದ್ಸಲ ಒಳಕ್ಕೆ ಬಿಡ್ಸಿ."

"ಆಮೇಲೆ ನೋಡೋಣ ಅಜ್ಜಿ. ಈಗ ಕ್ಯಾಮೆರಾ ನೋಡಿ, ನಗಿ."

ಫೋಟೋದಲ್ಲಿ ಅವರೊಬ್ಬರೇ ನಗುತ್ತಿದ್ದಾರೆ. ನಾನು ಮೇಜಿನ ಮೇಲಿಂದ ಅವ್ವನನ್ನು ಎತ್ತಿಕೊಂಡು ಬಸ್ಸು ಹತ್ತಿದೆ.

ಈ ವರ್ಷದ ಗೌರವ ನಾಳೆ. ಕರೆಯಲು ಬಂದ ಗುಮಾಸ್ತನನ್ನು ಇವತ್ತು ಕೇಳಿದೆ, "ಯಾರ್ಯಾರು ಬರ್ತಾರಪ್ಪಾ?"

"ಎಲ್ರೂ ಅಜ್ಜಿ. ಸಾಹೇಬ್ರು, ಗೇಟಿನ ಗಾರ್ಡುಗಳು, ಎಲ್ರಿಗೂ ಬೆಳಗ್ಗೆಯಿಂದ ಕಾರ್ಯಕ್ರಮದಲ್ಲೇ ಡ್ಯೂಟಿ. ಬನ್ನಿ, ಊಟ ಜೋರಾಗಿದೆ."

"ಆಗ್ಲಿ" ಅಂದೆ. ಅವನು ಬೀದಿ ದಾಟುವವರೆಗೆ ನೋಡಿ ಮಗಳನ್ನು ಕೂಗಿದೆ.

"ಬೆಳಗ್ಗೆ ಮಾಗಡಿ ಬಸ್ಸಿಗೆ ಹೊರಡ್ಬೇಕು ಕಣೇ. ಗೇಟಲ್ಲಿ ಯಾರೂ ಇರಲ್ಲ. ಎಲ್ಲ ನಮಗೆ ಗೌರವ ಮಾಡಕ್ಕೆ ಹೋಗಿರ್ತಾರೆ."