ಮುಖ ನೋಡಿ ಕೊಟ್ಟ ಸಾಲ

ನನ್ನ ಸೋದರಮಾವನ ಅನ್ನ ಹುಟ್ಟುತ್ತಿದ್ದದ್ದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಫೋಟೋಗಳಿಂದ. ಅರ್ಜಿಗೆ ಅಂಟಿಸುವ ಫೋಟೋ, ಗುರುತಿನ ಚೀಟಿಯ ಫೋಟೋ, ಪರೀಕ್ಷೆಗೆ ಕೂರುವವರ ಫೋಟೋ. ಬೀದಿಗೆ ಬಾಗಿಲಿದ್ದ ಎರಡು ಕೋಣೆಗಳೇ ಅವರ ಸ್ಟುಡಿಯೋ. ಮುಂದೆ ಕೌಂಟರು, ಹಿಂದೆ ಸ್ಟೂಲು, ಬೂದು ಪರದೆ, ಕೊಡೆ ಕಟ್ಟಿದ ಎರಡು ದೀಪ, ಮೂಲೆಯಲ್ಲಿ ಮುಖ ತೊಳೆಯಲು ಒಂದು ನಲ್ಲಿ. ಬಿಗಿದುಕೊಂಡು ಕೂತ ಗಿರಾಕಿಗೆ, ಸಾಲವೆಲ್ಲ ತೀರಿಸಿ ಬಂದಿದ್ದೀನಿ ಅಂದ್ಕೊಳ್ಳಿ ಎನ್ನುತ್ತಿದ್ದರು. ಅವನು ನಕ್ಕು ಭುಜ ಸಡಿಲ ಬಿಡುವಷ್ಟರಲ್ಲಿ ಫೋಟೋ ಮುಗಿದಿರುತ್ತಿತ್ತು.

ಮನೆ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಅತ್ತೆಯ ಮಂಡಿ ಸವೆದು, ಆಸ್ಪತ್ರೆಗೆ ಬಿಟ್ಟರೆ ಇನ್ಯಾವುದಕ್ಕೂ ಅವರು ಕೆಳಗಿಳಿಯುತ್ತಿರಲಿಲ್ಲ. ತರಕಾರಿ ಹಗ್ಗದ ಬುಟ್ಟಿಯಲ್ಲಿ ಮೇಲೇರುತ್ತಿತ್ತು. ಪಕ್ಕದ ಬೀದಿಯಲ್ಲಿದ್ದ ಅವರ ಸ್ವಂತ ತಂಗಿಯ ಜೊತೆ ಮಾತು ಫೋನಿನಲ್ಲಿ ನಡೆಯುತ್ತಿತ್ತು. ಹೃದಯ ತಡೆಯುವುದಿಲ್ಲ, ಆಪರೇಷನ್ ಬೇಡ, ನೆಲಮಹಡಿಯ ಮನೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಹೇಳುವುದಕ್ಕೇನು, ಅವರು ಮುಂಗಡ ಕೊಡಬೇಕೇ? ನೆಲಮಹಡಿಯ ಮನೆಗಳ ಮುಂಗಡ ಕೇಳಿದರೆ ಆರೋಗ್ಯವಂತರ ಮಂಡಿಯೂ ಕುಸಿಯಬೇಕು. ಮಾವ ಕೂಡಿಟ್ಟ ಗಂಟು ಅದರ ಅರ್ಧಕ್ಕೂ ಸಾಲುತ್ತಿರಲಿಲ್ಲ.

ಆ ಗಂಟು ನಾನು ಕೆಲಸ ಮಾಡುವ ಬ್ಯಾಂಕಿನಲ್ಲೇ ಇತ್ತು. ನಿಮ್ಮ ಬ್ಯಾಂಕಿನ ಬಡ್ಡಿ ಇರುವೆ ನಡೆದ ಹಾಗೆ ಎಂದು ಮಾವ ಮೂಗು ಮುರಿಯುತ್ತಿದ್ದರು. ಒಂದು ದಿನ ಅಷ್ಟನ್ನೂ ತೆಗೆದು ಫೋನಿನ ಒಂದು ಆ್ಯಪ್‌ಗೆ ಹಾಕಿದರು. ಸಾಲ ಬೇಕಾದವರಿಗೆ ದುಡ್ಡಿದ್ದವರು ನೇರವಾಗಿ ಕೊಡುವ ಏರ್ಪಾಡು ಅದು. ನಡುವಿನ ಕಂಪನಿ ತನ್ನ ಪಾಲು ಹಿಡಿದುಕೊಂಡು ತಿಂಗಳ ಕಂತು ವಸೂಲಿ ಮಾಡಿಕೊಡುತ್ತದೆ. ಬಡ್ಡಿ ನಮ್ಮ ಬ್ಯಾಂಕಿನದರ ಎರಡರಷ್ಟು. ಆದರೆ ಸಾಲ ತೆಗೆದುಕೊಂಡವನು ಕೈಯೆತ್ತಿದರೆ ನಷ್ಟ ಕೊಟ್ಟವನದು. ನನಗೆ ಸಿಟ್ಟು ಬಂದದ್ದು ನಿಜ. ಆದರೂ ಬುದ್ಧಿ ಹೇಳಿದೆ: ಒಬ್ಬರಿಗೇ ಸುರಿಯಬೇಡಿ, ಚೂರು ಮಾಡಿ ಹಲವರಿಗೆ ಹಂಚಿ, ಒಬ್ಬ ಮುಳುಗಿದರೆ ಇನ್ನೊಬ್ಬ ತೇಲಲಿ. ಮಾವ ಹಾಗೇ ಮಾಡಿದರು. ಹತ್ತಾರು ಊರಿನ ಹತ್ತಾರು ಜನ, ಒಬ್ಬನಿಗೆ ಇನ್ನೊಬ್ಬನ ಪರಿಚಯವಿಲ್ಲ. ನಾನೂ ಬಾಯಿ ಮುಚ್ಚಿದೆ.

ಆರಿಸಿದ್ದು ಹೇಗೆ ಎಂದು ಮಾತ್ರ ಕೇಳಬಾರದು. ಪ್ರತಿಯೊಬ್ಬನ ಆದಾಯ, ಹಳೇ ಸಾಲ, ಕಸುಬು, ಕಂಪನಿ ಕೊಟ್ಟ ದರ್ಜೆ ಎಲ್ಲವೂ ಅಲ್ಲಿ ಬರೆದಿರುತ್ತಿತ್ತು. ಮಾವ ಒಂದಕ್ಷರವನ್ನೂ ಓದಲಿಲ್ಲ. ಅವರು ನೋಡಿದ್ದು ಫೋಟೋ. ಕುತ್ತಿಗೆ ಓರೆ ಮಾಡಿ ಸೆಲ್ಫಿ ಹೊಡೆದು ಕಳಿಸಿದವನಿಗೆ ಚಿಕ್ಕಾಸೂ ಇಲ್ಲ. ಬೆಳಕು ಹದವಾಗಿ ಬಿದ್ದಿರಬೇಕು, ಕಾಲರು ಸಮ ಇರಬೇಕು, ಕಿವಿ ಎರಡೂ ಕಾಣಬೇಕು.

"ನೆಟ್ಟಗೆ ಒಂದು ಫೋಟೋ ತೆಗೆಸಿಕೊಳ್ಳೋಕೆ ಆಗದವನು ಕಂತು ನೆಟ್ಟಗೆ ಕಟ್ತಾನಾ, ಪುಟ್ಟೀ?" ಎಂದು ನನ್ನನ್ನೇ ಕೇಳಿದ್ದರು. ಮುಖ ನೋಡಿ ಮಣೆ ಹಾಕಬಾರದು ಅನ್ನುತ್ತಾರೆ. ಇವರು ಮಣೆ ಹಾಕಿ ಸುಮ್ಮನಾಗಲಿಲ್ಲ, ಗಂಟನ್ನೇ ಬಿಚ್ಚಿದರು.

ಮೊದಲ ವರ್ಷ ಕಂತುಗಳು ತಪ್ಪದೆ ಬಂದವು. ಬಂದದ್ದನ್ನು ಮಾವ ಮತ್ತೆ ಅಂಥದೇ ಮುಖಗಳಿಗೆ ಕೊಟ್ಟರು. ಅತ್ತೆಯ ತಂಗಿಯ ಬೀದಿಯಲ್ಲೇ ಒಂದು ನೆಲಮಹಡಿಯ ಮನೆ ನೋಡಿ, ಮಾಲೀಕರಿಗೆ ಮಾತೂ ಕೊಟ್ಟರು. ಬ್ಯಾಂಕಿನವಳು ಅಂತ ಬೀಗುತ್ತಿದ್ದೆಯಲ್ಲ ಎಂದು ನನ್ನನ್ನು ಕಿಚಾಯಿಸುವುದು ಅವರ ದಿನಚರಿಯಾಯಿತು. ನಾನು ಸಹಿಸಿಕೊಂಡೆ. ಅತ್ತೆ ಕೆಳಗಿಳಿದರೆ ಸಾಕು ಎಂಬ ಆಸೆ ನನಗೂ ಇತ್ತು.

ಆಮೇಲೆ ದೇಶದ ಎಲ್ಲ ಸರ್ಕಾರಿ ಕಚೇರಿಗಳಲ್ಲೂ ನಿಯಮ ಬದಲಾಯಿತು. ಇನ್ನು ಅರ್ಜಿಗೆ ಯಾರೂ ಫೋಟೋ ಅಂಟಿಸಬೇಕಿಲ್ಲ, ಅರ್ಜಿ ತೆಗೆದುಕೊಳ್ಳುವ ಗುಮಾಸ್ತನೇ ಕೌಂಟರಿನಲ್ಲಿ ಚಿಕ್ಕ ಕ್ಯಾಮೆರಾದಿಂದ ಮುಖ ಹಿಡಿದುಕೊಳ್ಳುತ್ತಾನೆ. ಆ ಫೋಟೋಗಳಲ್ಲಿ ಎಲ್ಲರೂ ತಪ್ಪಿಸಿಕೊಂಡು ಬಂದ ಕಳ್ಳರ ಹಾಗೆ ಕಾಣುತ್ತಾರೆ ಎಂದು ಮಾವ ನಕ್ಕರು. ಆದರೆ ಸ್ಟುಡಿಯೋದ ಸ್ಟೂಲು ಖಾಲಿ ಉಳಿಯಿತು. ಹೋಗಲಿ, ನಾನು ದುಡಿಯದಿದ್ದರೂ ದುಡ್ಡು ದುಡಿಯುತ್ತಿದೆಯಲ್ಲ ಎಂದುಕೊಂಡರು.

ಅದೂ ನಿಂತಿತು. ಮೊದಲು ಒಬ್ಬ ಕಂತು ತಪ್ಪಿಸಿದ, ಆಮೇಲೆ ನಾಲ್ವರು, ಆಮೇಲೆ ಮುಕ್ಕಾಲು ಪಾಲು ಜನ. ಇಂಥವರನ್ನು ನಮ್ಮ ಬ್ಯಾಂಕಿನಲ್ಲಿ ಸುಸ್ತಿದಾರರು ಎನ್ನುತ್ತೇವೆ. ಆದರೆ ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಹೀಗೆ ಒಟ್ಟಿಗೆ ಸುಸ್ತಿಯಾಗುವುದನ್ನು ನಾನೂ ಕಂಡಿರಲಿಲ್ಲ. ಕಂಪನಿಗೆ ಫೋನು ಮಾಡಿ ಜಗಳವಾಡಿದೆ. ವಸೂಲಿಗೆ ಪ್ರಯತ್ನ ನಡೆದಿದೆ ಎಂದು ಒಬ್ಬಳು ಬಹಳ ವಿನಯದಿಂದ ಹೇಳಿದಳು. ಅಷ್ಟು ವಿನಯ ಕೇಳಿದಾಗಲೇ ದುಡ್ಡು ಬರುವುದಿಲ್ಲ ಎಂದು ಗೊತ್ತಾಯಿತು.

ಸ್ಟುಡಿಯೋದ ಕೌಂಟರಿನ ಮೇಲೆ ಫೋನಿಟ್ಟು, ಕಂತು ತಪ್ಪಿಸಿದವರ ಮುಖಗಳನ್ನು ಒಂದೊಂದೇ ಸರಿಸಿ ನೋಡಿದೆವು. ನಾನು ಬೈಯುತ್ತಿದ್ದೆ, ಮಾವ ಸುಮ್ಮನೆ ನೋಡುತ್ತಿದ್ದರು. ಒಂದು ಮುಖವನ್ನು ದೊಡ್ಡದು ಮಾಡಿದರು, ಇನ್ನೊಂದನ್ನು ದೊಡ್ಡದು ಮಾಡಿದರು. ಎಲ್ಲರ ಹಿಂದೆಯೂ ಬೂದು ಪರದೆ, ಯಾರ ಭುಜದಲ್ಲೂ ಗಿರಾಕಿಯ ಬಿಗಿತವಿಲ್ಲ.

"ಪುಟ್ಟೀ, ಇವರ ಫೋಟೋನ ಬೇರೆ ಯಾರೂ ತೆಗೆದಿಲ್ಲ. ಇವರೆಲ್ಲ ತಮ್ಮ ಫೋಟೋ ತಾವೇ ತೆಗೆದುಕೊಂಡವರು."

ಕೆಳಗೆ ಬರೆದಿದ್ದನ್ನು ಆಗ ಓದಿದೆ. ಸ್ವಂತ ಸ್ಟುಡಿಯೋ, ಸಾಲ ಪ್ರಿಂಟರಿಗೆ. ಸ್ಟುಡಿಯೋ, ಹೊಸ ದೀಪಗಳಿಗೆ. ಸ್ಟುಡಿಯೋ, ಕ್ಯಾಮೆರಾಕ್ಕೆ. ಬೆಳಕು ಹದವಾಗಿರುವ ಮುಖಗಳನ್ನೇ ಹುಡುಕಿ ಹುಡುಕಿ, ನಮ್ಮ ಮಾವ ದೇಶದ ಸ್ಟುಡಿಯೋದವರನ್ನೆಲ್ಲ ಆರಿಸಿ ಸಾಲ ಕೊಟ್ಟಿದ್ದರು. ಮಾವನ ಸ್ಟೂಲು ಖಾಲಿಯಾದಾಗ ಅವರೆಲ್ಲರದೂ ಖಾಲಿಯಾಗಿತ್ತು. ಮಾವ ಅವರಲ್ಲಿ ಒಬ್ಬರನ್ನೂ ಬೈಯಲಿಲ್ಲ. ಬಾಡಿಗೆ ಕಟ್ಟಿ ಉಳಿದರೆ ತಾನೆ ಕಂತು ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು. ನಾನೂ ಹಿಂದೆ ಹೋದೆ.

ಅತ್ತೆ ಬಟ್ಟೆ ಮಡಿಸುತ್ತಾ ಎಲ್ಲವನ್ನೂ ಕೇಳಿದರು. ಎಷ್ಟು ಹೋಯಿತು ಎಂದೂ ಕೇಳಲಿಲ್ಲ. ನೋಡಿದ್ದ ಮನೆಯನ್ನು ಬಿಟ್ಟುಬಿಡುವುದು ಎಂದಾಯಿತು. ಮಾವ ಕಿಟಕಿಯಿಂದ ಕೆಳಗೆ, ಸ್ಟುಡಿಯೋದ ಬಾಗಿಲ ಕಡೆ ನೋಡಿದರು.

"ಸ್ಟುಡಿಯೋ ಮುಚ್ಚಿಬಿಡ್ತೀನಿ. ಅಲ್ಲೇ ಇರೋಣ."

ಅತ್ತೆಯ ಕೈ ಮಡಿಸುವುದನ್ನು ನಿಲ್ಲಿಸಿತು.

ಕಟ್ಟಡದ ಮಾಲೀಕರು ಒಪ್ಪಿದರು. ಮಾವ ದೀಪ, ಪ್ರಿಂಟರು, ದೊಡ್ಡ ಕ್ಯಾಮೆರಾ ಮಾರಿ, ಆ ದುಡ್ಡಿನಲ್ಲಿ ಅಡುಗೆಗೆ ಕಟ್ಟೆ ಕಟ್ಟಿಸಿದರು. ಇನ್ನೂ ಕಂತು ಕಟ್ಟುತ್ತಿದ್ದ ಕೆಲವರ ದುಡ್ಡಿನಲ್ಲಿ ಉಳಿದ ಖರ್ಚು ನಡೆಯಿತು. ಒಂದು ಭಾನುವಾರ ಪಕ್ಕದಂಗಡಿಯ ಇಬ್ಬರು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಮೆಟ್ಟಿಲು ಇಳಿಸಿ ತಂದರು.

ಸಾಮಾನು ಎಲ್ಲಿಡುವುದು ಎಂದು ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ ಅತ್ತೆ ಕುರ್ಚಿಯಿಂದಲೇ ತೋರಿಸತೊಡಗಿದರು. ಮಂಚ ಆ ಗೋಡೆಗೆ, ತಲೆದಿಂಬು ಬಾಗಿಲ ಕಡೆಗೆ. ಪಾತ್ರೆಗಳು ನಲ್ಲಿಯ ಪಕ್ಕ. ಬಟ್ಟೆಯ ಹಗ್ಗ ಮೂಲೆಯಿಂದ ಮೂಲೆಗೆ. ಒಂದು ಕಡೆಯೂ ತಡವರಿಸಲಿಲ್ಲ. ಮಾವ ಹಿಡಿದಿದ್ದ ಮಂಚವನ್ನು ಕೆಳಗಿಟ್ಟರು.

"ಇದನ್ನೆಲ್ಲ ಯಾವಾಗ ಯೋಚನೆ ಮಾಡಿದೆ?"

"ಮೊದಲ ಸಲ ಮಂಡಿ ಊದಿಕೊಂಡಿತ್ತಲ್ಲ, ಆಗಲೇ."

"ಮತ್ತೆ ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ರೆ ನೀವು ಅವತ್ತೇ ಅಂಗಡಿ ಮುಚ್ಚಿಬಿಡ್ತಿದ್ರಿ," ಎಂದರು ಅತ್ತೆ.